ಧೂಳಿನ ಡಾಕ್ಟರು

ಗೋಡೆಯಾಚೆ ಕಂಪ್ರೆಸರ್ ಗುರ್ ಎಂದರೆ ಸಾಕು, ಡಾಕ್ಟರು ಈಗ ಹಲ್ಲು ಕೊರೆಯುತ್ತಿದ್ದಾರೋ ಲಾರಿಗೆ ಬಣ್ಣ ಹೊಡೆಯುತ್ತಿದ್ದಾರೋ ಎಂದು ನಾನು ಒಲೆಯ ಮುಂದೆ ನಿಂತೇ ಹೇಳಿಬಿಡುತ್ತಿದ್ದೆ. ಹಲ್ಲಾದರೆ ಗುರ್ ಜೊತೆಗೊಂದು ಕೀರಲು ಸದ್ದು, ಅದರ ಬೆನ್ನಿಗೇ ಯಾರದೋ 'ಅಯ್ಯಯ್ಯೋ'. ಲಾರಿಯಾದರೆ ಬರೀ ಗುರ್, ಆಮೇಲೆ ಸಣ್ಣದೊಂದು ಸುಸ್, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಣ್ಣ ಒಣಗುವುದನ್ನು ಕಾಯುತ್ತ ನಿಂತಿರುತ್ತಿದ್ದರು. ಕೈ ಮುಂದಿದ್ದರೆ ಮುಟ್ಟಿಬಿಡುತ್ತೇನೆ ಎಂಬ ಭಯ. ಆ ಅಭ್ಯಾಸ ಎಷ್ಟು ಗಟ್ಟಿಯಾಗಿತ್ತೆಂದರೆ ಬೀರೂರಿನ ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಕೈ ಬೆನ್ನ ಹಿಂದೆಯೇ. ತರಕಾರಿಯವಳು "ಮುಟ್ಟಿ ನೋಡಿ ಸ್ವಾಮಿ, ಕಚ್ಚಲ್ಲ" ಎಂದು ರೇಗಿಸುತ್ತಿದ್ದಳು.

ಹೋದ ಮಾಘದಲ್ಲಿ ಅವರು ತೀರಿಕೊಂಡರು. ಗೋಡೆ ಸುಮ್ಮನಾಯಿತು. ಸದ್ದಿದ್ದಾಗ 'ಏನು ಕಾಟವಪ್ಪ' ಎಂದು ಗೊಣಗಿದ್ದ ನನಗೆ ಈಗ ಆ ಸುಮ್ಮನಿರುವಿಕೆಯೇ ಕಾಟವಾಗಿದೆ.

ಅವರು ನಮ್ಮ ಬೀರೂರಿನ ಹಲ್ಲಿನ ಡಾಕ್ಟರು. ಕಡೂರು, ಹಿರೇನಲ್ಲೂರು, ದೇವನೂರು, ಅಜ್ಜಂಪುರ, ಎಲ್ಲ ಕಡೆಯಿಂದಲೂ ಕೆನ್ನೆ ಹಿಡಿದುಕೊಂಡು ಜನ ಬರುತ್ತಿದ್ದರು. ರೈಲಿನಲ್ಲಿ ಬಂದವರು ಹಲ್ಲು ಕೀಳಿಸಿಕೊಂಡು ಅದೇ ರೈಲು ವಾಪಸ್ಸು ಬರುವಷ್ಟರಲ್ಲಿ ಪ್ಲಾಟ್‌ಫಾರಂ ಮೇಲಿರುತ್ತಿದ್ದರು, ಅಷ್ಟು ಚುರುಕು ಕೈ. ಆದರೆ ಅವರ ಜೀವ ಇದ್ದದ್ದು ಹಲ್ಲಿನಲ್ಲಲ್ಲ. ಕ್ಲಿನಿಕ್ಕಿನ ಗಾಜಿನ ಬೀರುವಿನಲ್ಲಿ ಅಂಗೈ ಮೇಲೆ ಕೂರುವಂಥ ಲಾರಿ, ಟ್ರ್ಯಾಕ್ಟರು, ಗೂಡ್ಸ್ ಡಬ್ಬಿ, ಈರುಳ್ಳಿ ಹೇರಿದ ಮಿನಿ ಟೆಂಪೊಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಅವರ ಕೈಯಿಂದಲೇ ಆದವು. ಪೆನ್ನಿನಷ್ಟು ಸಣ್ಣ ಏರ್‌ಬ್ರಷ್ಷಿಗೆ ಹಲ್ಲು ಕೊರೆಯುವ ಕಂಪ್ರೆಸರಿನಿಂದಲೇ ಇನ್ನೊಂದು ಕೊಳವೆ ಸಿಕ್ಕಿಸಿದ್ದರು. ಕಿಟಕಿಯ ಗಾಜಿಗೆ ಹಳೆಯ ಎಕ್ಸ್‌ರೇ ಫಿಲ್ಮು, ಟೈರಿಗೆ ಔಷಧಿ ಸೀಸೆಯ ರಬ್ಬರು ಬಿರಡೆ, ಮೈಗೆ ಹಲ್ಲಿನ ಸೆಟ್ಟು ಮಾಡುವ ಅಕ್ರಿಲಿಕ್ಕು. ಹಾಗಾಗಿ ಬಣ್ಣ ಕಾಣುವ ಮೊದಲು ಅವರ ಎಲ್ಲ ಲಾರಿಗಳೂ ಒಸಡಿನ ಗುಲಾಬಿ ಬಣ್ಣದಲ್ಲಿರುತ್ತಿದ್ದವು.

ಅಷ್ಟೇ ಆಗಿದ್ದರೆ ನನಗೂ ಅವರಿಗೂ ತಕರಾರೇ ಇರುತ್ತಿರಲಿಲ್ಲ. ಚೆಂದದ ಕೆಂಪು ಲಾರಿಯೊಂದನ್ನು ಮಾಡಿ, ಫಳಫಳ ಹೊಳೆಯುವಂತೆ ಬಣ್ಣ ಹೊಡೆದು, ನಾನು "ಎಷ್ಟು ಚೆನ್ನಾಗಿದೆ ಡಾಕ್ಟ್ರೇ" ಎನ್ನುವಷ್ಟರಲ್ಲಿ ಅದರ ಮೇಲೆ ಧೂಳು ಊದಲು ಶುರುಮಾಡುತ್ತಿದ್ದರು! ನಾನೋ, ಧೂಳೆಂದರೆ ಆಗದವಳು. ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾಗಲೂ ಮೊದಲು ಮೇಜು ಒರೆಸಿ ಆಮೇಲೆ ಹಾಜರಿ ಕೂಗುತ್ತಿದ್ದವಳು. ರಿಟೈರಾದ ಮೇಲೆ ಬೆಳಗಿನಿಂದ ಸಂಜೆವರೆಗೆ ಒರೆಸುವ ಬಟ್ಟೆ ನನ್ನ ಹೆಗಲ ಮೇಲೇ ಇರುತ್ತದೆ. ನಾನು ತೆಗೆಯುವುದನ್ನೇ ಈ ಮನುಷ್ಯ ಗೋಡೆಯಾಚೆ ಕೂತು ತಯಾರಿಸುತ್ತಾರಲ್ಲ ಎಂದು ನನಗೆ ಮೈ ಉರಿಯುತ್ತಿತ್ತು.

"ಹೊಸ ಲಾರಿ ಯಾರು ಬೇಕಾದ್ರೂ ಮಾಡ್ತಾರೆ ಮೇಡಂ. ಓಡಾಡಿದ ಲಾರಿ ಮಾಡೋದು ಕಷ್ಟ" ಎನ್ನುತ್ತಿದ್ದರು. "ಧೂಳು ಸುಮ್ನೆ ಬಂದು ಕೂರಲ್ಲ. ಅದಕ್ಕೂ ಒಂದು ಕಾರಣ ಬೇಕು. ಕಾರಣ ಇಲ್ಲದೆ ಹಾಕಿದ್ರೆ ಅದು ಧೂಳಲ್ಲ, ಕೊಳೆ."

ಇದು ಅವರ ಸಿದ್ಧಾಂತ. ಬಾಗಿಲ ಕೆಳಗೆ ಧೂಳು ಜಾಸ್ತಿ, ಯಾಕೆಂದರೆ ಅಲ್ಲಿ ಕಾಲು ಬೀಳುತ್ತದೆ. ಮುಂದಿನ ಗಾಜಿನಲ್ಲಿ ವೈಪರ್ ಆಡಿದಷ್ಟು ಜಾಗ ಸ್ವಚ್ಛ. ಡೀಸೆಲ್ ಮುಚ್ಚಳದ ಕೆಳಗೊಂದು ಕಪ್ಪು ಸೋರಿಕೆ. ಧೂಳಿಗೆ ಊರೂ ಬೇಕಿತ್ತು. ಹಿರೇನಲ್ಲೂರಿನ ಕೆಂಪು, ಅಜ್ಜಂಪುರದ ಎರೆಮಣ್ಣಿನ ಕಪ್ಪು, ತರೀಕೆರೆ ಕಡೆಯ ಇನ್ನೊಂದು ಥರದ ಕೆಂಪು, ಎಲ್ಲವನ್ನೂ ಸೀಸೆಗಳಲ್ಲಿ ತುಂಬಿ ಹೆಸರು ಅಂಟಿಸಿ ಇಟ್ಟಿದ್ದರು. ಆ ಬಣ್ಣ ಬರುವವರೆಗೂ ಕಲಸುವುದು, ಎಡಗೈ ಹೆಬ್ಬೆರಳಿನ ಉಗುರ ಮೇಲೆ ಒಂದು ಸುಸ್ ಹೊಡೆದು ನೋಡುವುದು, ತಲೆಯಾಡಿಸಿ ಮತ್ತೆ ಕಲಸುವುದು. ಅವರ ಆ ಉಗುರು ಉಗುರಿನ ಬಣ್ಣದಲ್ಲಿದ್ದದ್ದನ್ನು ನಾನು ನೋಡಿಯೇ ಇಲ್ಲ.

ರೋಗಿಗಳನ್ನೂ ಬಿಡುತ್ತಿರಲಿಲ್ಲ. ಒಮ್ಮೆ ನನ್ನ ದವಡೆ ಹಲ್ಲು ಕೊರೆಯುತ್ತ, "ಮೇಡಂ, ಮಳೆ ಬಂದು ಒಣಗಿದ ಮೇಲೆ ಅಜ್ಜಂಪುರದ ಧೂಳು ಕಪ್ಪೋ, ಬೂದಿಯೋ?" ಎಂದು ಕೇಳಿದರು. ಬಾಯಲ್ಲಿ ಹತ್ತಿ, ನಾಲಿಗೆ ಮರಗಟ್ಟಿದೆ. ನಾನು "ಆ… ಆ…" ಎಂದೆ. "ಬೂದಿ ಅಂತೀರಾ? ನನಗೂ ಹಂಗೇ ಅನ್ಸುತ್ತೆ" ಎಂದು ಖುಷಿಯಿಂದ ಕೊರೆತ ಮುಂದುವರಿಸಿದರು. ಹೀಗೆ ಬಾಯಿ ಬಿಟ್ಟುಕೊಂಡು ಕೂತ ಜನರ ಒಪ್ಪಿಗೆ ಪಡೆದೇ ಅವರು ಎಷ್ಟೋ ಲಾರಿಗಳಿಗೆ ಬಣ್ಣ ಹೊಡೆದಿದ್ದಾರೆ.

ಇನ್ನೊಮ್ಮೆ ದೇವನೂರು ಕಡೆಯ ಅಜ್ಜ ಒಬ್ಬರು ಬಂದಿದ್ದರು. ಡಾಕ್ಟರು ಒಳಗೆ ಕೈ ತೊಳೆದು ಬರುವಷ್ಟರಲ್ಲಿ ಅಜ್ಜ ಕಪಾಟಿನಲ್ಲಿದ್ದ ಹಿರೇನಲ್ಲೂರಿನ ಸೀಸೆ ತೆಗೆದು, ಕೆಂಪು ಹಲ್ಲುಪುಡಿ ಎಂದುಕೊಂಡು, ಒಂದು ಚಿಟಿಕೆ ಬೆರಳಿಗೆ ಹಾಕಿ ಹಲ್ಲುಜ್ಜಿಬಿಟ್ಟಿದ್ದರು. "ಡಾಕ್ಟ್ರೇ, ಪುಡಿ ಚೆನ್ನಾಗೈತೆ. ಮರಳೊಂದು ಸ್ವಲ್ಪ ಜಾಸ್ತಿ ಆಗೈತೆ" ಎಂದರಂತೆ. ಡಾಕ್ಟರು ಮುಖ ಗಂಭೀರ ಮಾಡಿಕೊಂಡು, "ದಿನಾ ಬೇಡ ಅಜ್ಜ, ಬಾಯಿ ಮುಕ್ಕಳಿಸಿ" ಎಂದಷ್ಟೇ ಹೇಳಿ ಕಳಿಸಿದರು. ಅಜ್ಜ ಹೋದಮೇಲೆ ನಕ್ಕ ನಗು ನಮ್ಮ ಅಡುಗೆಮನೆಗೆ ಕೇಳಿಸಿತು.

ಕ್ಲಿನಿಕ್ಕಿನಲ್ಲಿ ಅವರ ಬಲಗೈ ಗಂಗಮ್ಮ. ಬಾಗಿಲು ತೆಗೆಯುವುದರಿಂದ ಹಿಡಿದು ಅಳುವ ಮಕ್ಕಳ ಕಾಲು ಹಿಡಿದುಕೊಳ್ಳುವವರೆಗೆ ಎಲ್ಲವೂ ಅವಳದೇ. ಗಂಗಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಕ್ಕಳ, ಕನ್ನಡಿ, ಸೂಜಿಗಳ ತಟ್ಟೆ ಒಂದಕ್ಕೊಂದು ಬೆರೆಯದಿರಲಿ ಎಂದು ಡಾಕ್ಟರು ಅವುಗಳ ಮೇಲೆ ಚೀಟಿ ಅಂಟಿಸುತ್ತಿದ್ದರು: ತೊಳಿ. ಕುದಿಸು. ಬಿಸಾಡು. ಬಾಯಲ್ಲಿ "ಸ್ವಲ್ಪ ತೊಳಿಯಮ್ಮ" ಎನ್ನುವ ಮನುಷ್ಯ, ಚೀಟಿ ಸಣ್ಣದೆಂದು 'ತೊಳಿ' ಎಂದಷ್ಟೇ ಬರೆಯುತ್ತಿದ್ದರು. ಗಂಗಮ್ಮನಿಗೆ ಓದಲು ಬರುತ್ತಿದ್ದದ್ದು ಆ ಮೂರೇ ಮಾತು. ಅವುಗಳನ್ನು ಮಾತ್ರ ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು, ಗುರುತು ಹಿಡಿದ ಮೇಲೆ ಮಾಡದೆ ಬಿಡುತ್ತಿರಲಿಲ್ಲ. ಡಾಕ್ಟರ ಲಾರಿಗಳ ಬಗ್ಗೆ ಅವಳಿಗೂ ನನ್ನದೇ ಅಭಿಪ್ರಾಯ. ಬೀರುವಿನ ಗಾಜು ದಾಟಿ ಒಳಗೆ ಹೋದ ಮನೆಯ ಧೂಳನ್ನು ಡಾಕ್ಟರು ಮೆತ್ತನೆಯ ಕುಂಚದಿಂದ ಒರೆಸುವುದನ್ನು ಕಂಡರೆ, "ನೋಡಕ್ಕಾ, ಧೂಳಿನ ಮೇಲಿನ ಧೂಳು ಹೊಡೀತಾವ್ರೆ" ಎಂದು ನನಗೆ ಕಣ್ಣು ಮಿಟುಕಿಸುತ್ತಿದ್ದಳು.

"ಮನೆ ಧೂಳು ಬೇರೆ, ರಸ್ತೆ ಧೂಳು ಬೇರೆ" ಎಂದು ಡಾಕ್ಟರು ವಾದಿಸುತ್ತಿದ್ದರು. "ಇಷ್ಟು ಸಣ್ಣ ಲಾರಿ ಮೇಲೆ ಮನೆ ಧೂಳು ಕೂತ್ರೆ ಕಂಬಳಿ ಹೊದಿಸಿದ ಹಂಗೆ ಕಾಣುತ್ತೆ. ಅಳತೆ ತಪ್ಪುತ್ತೆ."

ಇಷ್ಟೆಲ್ಲ ಹೇಳಿದ್ದು ಬಸ್ಸಿನ ವಿಷಯಕ್ಕೆ ಬರುವುದಕ್ಕೆ.

ಕಡೂರಿನಿಂದ ಬೀರೂರು, ಅಜ್ಜಂಪುರದ ಮೇಲೆ ತರೀಕೆರೆಗೆ ಹೋಗುವ ಒಂದು ಖಾಸಗಿ ಬಸ್ಸನ್ನು ನಾವೆಲ್ಲ 'ಒಂಬತ್ತು ಗಂಟೆ ಬಸ್ಸು' ಎನ್ನುತ್ತೇವೆ. ಅದು ಒಂಬತ್ತು ಗಂಟೆಗೆ ಬಂದದ್ದನ್ನು ಯಾರೂ ಕಂಡಿಲ್ಲ, ಆ ಮಾತು ಬೇರೆ. ಅದರ ಡ್ರೈವರು ರುದ್ರಣ್ಣ. ಅಜ್ಜಂಪುರ ರಸ್ತೆಯ ಪಕ್ಕದಲ್ಲೇ ಮನೆ. ಮೀಸೆ ಜೋರು, ಬಾಯಿ ಅದಕ್ಕಿಂತ ಜೋರು, ಬಸ್ಸೆಂದರೆ ಮಾತ್ರ ಪ್ರಾಣ. ಹೋದ ವರ್ಷ ರುದ್ರಣ್ಣ ಕೆಲಸ ಬಿಡುವುದೆಂದು ತೀರ್ಮಾನವಾಯಿತು. ವಿಜಯದಶಮಿಯ ದಿನ ಮಾಲೀಕರ ಶೆಡ್ಡಿನಲ್ಲಿ ಸಣ್ಣದೊಂದು ಬೀಳ್ಕೊಡುಗೆ. ಹಲ್ಲು ತೋರಿಸಲು ಬಂದಿದ್ದ ರುದ್ರಣ್ಣನಿಗೆ ಡಾಕ್ಟರು, "ನಿಮ್ಮ ಬಸ್ಸನ್ನ ನಿಮ್ಮ ಕೈಗೇ ಕೊಡ್ತೀನಿ, ಮನೇಲಿ ಇಟ್ಕೊಳ್ಳಿ" ಎಂದು ಮಾತು ಕೊಟ್ಟರು.

ಮಳೆಗಾಲವೆಲ್ಲ ಅದೇ ಕೆಲಸ. ಬೆಳಗಿನ ಹೊತ್ತು ಬಸ್‌ಸ್ಟ್ಯಾಂಡಿಗೆ ಹೋಗಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನಿಜವಾದ ಬಸ್ಸಿನ ಸುತ್ತ ಸುತ್ತುತ್ತಿದ್ದರು. ಕಂಡಕ್ಟರು ಇವರು ಆರ್‌ಟಿಓ ಕಡೆಯವರೇ ಇರಬೇಕೆಂದು ಮೊದಲೆರಡು ಸಲ ಚಹಾ ಕುಡಿಸಿದನಂತೆ. ಅತ್ತ ರುದ್ರಣ್ಣ ಬಿಡುವಾದಾಗಲೆಲ್ಲ ಕ್ಲಿನಿಕ್ಕಿಗೆ ಬಂದು, ಅರ್ಧ ಆದ ಬಸ್ಸನ್ನು ನೋಡಿ, ಹೊಟ್ಟೆ ಉರಿಸಿಕೊಂಡು ಹೋಗುತ್ತಿದ್ದ.

"ಏನ್ ಡಾಕ್ಟ್ರೇ ಇದು? ಇಷ್ಟು ಧೂಳಾ? ಬೀಗರೆಲ್ಲ ಬತ್ತಾರೆ. ರುದ್ರಣ್ಣ ಬಸ್ಸು ತೊಳೀತಿರ್ಲಿಲ್ವೇನೋ ಅಂದ್ಕೊಳಲ್ವಾ?"

"ಅಜ್ಜಂಪುರದ ರಸ್ತೇಲಿ ಓಡೋ ಬಸ್ಸು ರುದ್ರಣ್ಣ. ಧೂಳಿಲ್ದಿದ್ರೆ ಅದು ಶೋರೂಮಲ್ಲೇ ನಿಂತಿದ್ದ ಬಸ್ಸಾಗುತ್ತೆ, ನಿಮ್ಮ ಬಸ್ಸಾಗಲ್ಲ."

"ಧೂಳು ಬಿಡಿ. ಕಿಟಕಿ ಕೆಳಗೆ ಇದೇನು ಕೆಂಪಗೆ?"

"ಎಲೆ ಅಡಿಕೆ ಉಗುಳಿದ್ದು."

"ಅದನ್ನೂ ಬಿಡಲ್ವಾ ನೀವು!" ರುದ್ರಣ್ಣ ತಲೆ ಮೇಲೆ ಕೈ ಹೊತ್ತ.

"ಈ ಕೆಂಪು ನನಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ದಿನಾ ಬೆಳಗಾದ್ರೆ ನಿಮ್ಮಂಥೋರ ಬಾಯಲ್ಲಿ ಇದನ್ನೇ ನೋಡ್ತೀನಲ್ಲ" ಎಂದು ಡಾಕ್ಟರು ತಣ್ಣಗೆ ಹೇಳಿದರು. ರುದ್ರಣ್ಣ ಬಾಯಿ ಮುಚ್ಚಿಕೊಂಡ, ಎರಡೂ ಅರ್ಥದಲ್ಲಿ.

ಆಯುಧಪೂಜೆಯ ಹಿಂದಿನ ದಿನ ಬಸ್ಸು ಮುಗಿಯಿತು. ಡಾಕ್ಟರು ನನ್ನನ್ನು ಕರೆದು, ಭೂತಗನ್ನಡಿ ಕೊಟ್ಟು, ಹಿಂದಿನ ಗಾಜು ನೋಡಿ ಎಂದರು. ನಿಜವಾದ ಬಸ್ಸಿನ ಹಿಂದಿನ ಗಾಜಿನ ಧೂಳಿನಲ್ಲಿ ಶಾಲೆಯ ಮಕ್ಕಳು ಬೆರಳಿನಿಂದ ಏನಾದರೊಂದು ಬರೆಯುವುದು, ರುದ್ರಣ್ಣ ಅವರನ್ನು ಅಟ್ಟಿಸಿಕೊಂಡು ಹೋಗುವುದು ಬಸ್‌ಸ್ಟ್ಯಾಂಡಿನಲ್ಲಿ ನಿತ್ಯದ ತಮಾಷೆ. ಅದನ್ನೂ ಅವರು ಬಿಟ್ಟಿರಲಿಲ್ಲ. ಗಾಜಿನ ಧೂಳಿನ ಮೇಲೆ ಸೂಜಿಯ ಮೊನೆಯಿಂದ, ಮಕ್ಕಳ ಅಕ್ಷರದಲ್ಲಿ, ಒಂದು ಮಾತು ಗೀರಿದ್ದರು: ತೊಳಿ. ನಾನು ನಕ್ಕುಬಿಟ್ಟೆ. "ಕನ್ನಡಿ ಇಲ್ಲದೆ ಯಾರಿಗೂ ಕಾಣಲ್ಲ. ರುದ್ರಣ್ಣ ಯಾವತ್ತು ಕಂಡುಹಿಡೀತಾರೋ ನೋಡೋಣ" ಎಂದು ಅವರೂ ನಕ್ಕರು. ಇನ್ನು ಮೇಲೊಂದು ವಾರ್ನಿಷ್ ಹೊಡೆದರೆ ಧೂಳೆಲ್ಲ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ನಾಳೆ ಪೂಜೆ ಮುಗಿಸಿಕೊಂಡು ಹೊಡೆಯುತ್ತೇನೆ ಎಂದರು.

ಮರುದಿನ ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಪೂಜೆ. ನಮ್ಮ ಕಡೆ ಆಯುಧಪೂಜೆಯೆಂದರೆ ಸೈಕಲ್ಲಿನಿಂದ ಜೆಸಿಬಿವರೆಗೆ ಎಲ್ಲಕ್ಕೂ ಸ್ನಾನ, ವಿಭೂತಿ, ಕುಂಕುಮ, ಹೂವು. ಡಾಕ್ಟರ ಇಕ್ಕಳಗಳೂ ಅಂದು ಕುಂಕುಮ ಇಟ್ಟುಕೊಂಡು ತಟ್ಟೆಯಲ್ಲಿ ಕೂರುತ್ತವೆ. ನಾನು ಕಡಲೆಪುರಿಯ ಪೊಟ್ಟಣ ಹಿಡಿದು ಒಳಗೆ ಕಾಲಿಟ್ಟಾಗ ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

ಕುರ್ಚಿಯ ಪಕ್ಕದ ಮಣೆಯ ಮೇಲೆ ಬಸ್ಸು ನಿಂತಿತ್ತು. ಫಳಫಳ ಹೊಳೆಯುತ್ತಿತ್ತು. ಧೂಳಿಲ್ಲ, ಡೀಸೆಲ್ಲಿನ ಕಲೆಯಿಲ್ಲ, ಎಲೆ ಅಡಿಕೆಯ ಗೆರೆಯಿಲ್ಲ. ಮುಂದಿನ ಗಾಜಿನ ಮೇಲೆ ಕಡ್ಡಿಯಿಂದ ಎಳೆದ ಮೂರು ವಿಭೂತಿ ಗೆರೆ, ನಡುವೆ ಕುಂಕುಮದ ಚುಕ್ಕೆ, ವೈಪರಿಗೆ ಸಿಕ್ಕಿಸಿದ ಒಂದು ಸೇವಂತಿಗೆ ಎಸಳು.

"ಯಾರಮ್ಮ ತೊಳ್ದಿದ್ದು?" ಡಾಕ್ಟರ ದನಿ ಎಲ್ಲೋ ಒಳಗಿನಿಂದ ಬಂತು.

"ನಾನೇ" ಎಂದಳು ಗಂಗಮ್ಮ, ಸಂಭ್ರಮದಲ್ಲಿ. "ಸೋಪಿನ್ ನೀರು ಹಾಕಿ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಮೆಲ್ಲಗೆ ಉಜ್ದೆ. ಎಷ್ಟು ಕೊಳೆ ಬುಡಿ ಡಾಕ್ಟ್ರೇ!"

ಡಾಕ್ಟರು ಹೋಗಿ ರೋಗಿಗಳ ಕುರ್ಚಿಯಲ್ಲಿ ಕೂತುಬಿಟ್ಟರು. ಅವರು ಆ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೆಳಗಾದರೆ ರುದ್ರಣ್ಣನ ಕೈಗೆ ಬಸ್ಸು ಹೋಗಬೇಕು. ಮಳೆಗಾಲವಿಡೀ ಕೂರಿಸಿದ ಧೂಳು ಮೋರಿಗೆ ಹೋಗಿದೆ. ಧೂಳು ಹೋಯಿತೆಂದು ನಾನು ಸಂಕಟಪಟ್ಟದ್ದೂ ಅದೇ ಮೊದಲು.

"ಇಷ್ಟು ವರ್ಷ ನನ್ನ ಬೀರು ಮುಟ್ಟಿರ್ಲಿಲ್ಲ ನೀನು. ಇವತ್ಯಾಕಮ್ಮ ಮುಟ್ಟಿದೆ?"

"ನೀವೇ ಬರ್ದಿದ್ರಲ್ಲ!"

"ನಾನೇನು ಬರ್ದೆ?"

"ತೊಳಿ ಅಂತ. ಹಿಂದ್ಗಡೆ ಗಾಜಿನ್ ಮೇಲೆ." ಗಂಗಮ್ಮನ ದನಿಯಲ್ಲಿ ಈಗ ಗಾಬರಿ ಇತ್ತು. "ಬರ್ದಿದ್ಕೆ ತಾನೆ ತೊಳ್ದಿದ್ದು? ಇಲ್ದಿದ್ರೆ ನಾನ್ಯಾಕೆ ಮುಟ್ಲಿ?"

ಡಾಕ್ಟರು ನಿಧಾನವಾಗಿ ಎದ್ದು ಕೂತರು.

"ನಿನಗೆ ಕಾಣಿಸ್ತಾ ಅದು? ಕನ್ನಡಿ ಇಲ್ದೆ?"

"ಹೋದ್ ತಿಂಗ್ಳು ಕಣ್ಣಿನ್ ಪೊರೆ ತೆಗೆಸ್ಲಿಲ್ವಾ? ಈಗ ಎಲ್ಲಾ ಕಾಣ್ತದೆ."

"ಓದಿದ್ಯಾ? ನನ್ನ ಆ ಅಕ್ಷರಾನ ಓದಿದ್ಯಾ?" ಎಂದವರು ಇದ್ದಕ್ಕಿದ್ದಂತೆ ನಗತೊಡಗಿದರು. ಕುರ್ಚಿ ಅಲ್ಲಾಡುವಷ್ಟು ನಕ್ಕರು. "ಪುಣ್ಯಕ್ಕೆ ಬಿಸಾಡು ಅಂತ ಬರೀಲಿಲ್ಲ ಮೇಡಂ!" ಕಣ್ಣೊರೆಸಿಕೊಳ್ಳುತ್ತಿದ್ದರು. ನಗುವಿಗೋ ಬೇರೆಯದಕ್ಕೋ ನಾನು ಕೇಳಲಿಲ್ಲ.

ಆಮೇಲೆ ಎದ್ದು ಕಂಪ್ರೆಸರ್ ಹಾಕಿದರು. ಅಜ್ಜಂಪುರದ ಸೀಸೆ ತೆಗೆದು, ಬಣ್ಣ ಕಲಸಿ, ಏರ್‌ಬ್ರಷ್ಷಿಗೆ ತುಂಬಿಕೊಂಡು ಬಸ್ಸಿನ ಮುಂದೆ ಬಗ್ಗಿದರು. ರಾತ್ರಿಯೊಳಗೆ ಒಂದು ತೆಳು ಧೂಳಾದರೂ ಕೂರಿಸಬಹುದಿತ್ತು. ಆದರೆ ಬಗ್ಗಿದವರು ಹಾಗೇ ನಿಂತರು. ಚಕ್ರಗಳ ಕೆಳಗೆ ಏನೋ ಹಳದಿ.

"ಇದೇನಮ್ಮ?"

"ಹೆಸರುಬೇಳೆ. ನಿಂಬೆಹಣ್ಣು ಇಡೋಕೆ ಹೋದ್ರೆ ಬಸ್ಸಿಗಿಂತ ಹಣ್ಣೇ ದೊಡ್ಡದು. ಅದ್ಕೆ ಚಕ್ರಕ್ಕೊಂದೊಂದು ಬೇಳೆ ಇಟ್ಟೆ."

ಡಾಕ್ಟರು ಭೂತಗನ್ನಡಿ ತಂದು ಒಂದೊಂದು ಬೇಳೆಯನ್ನೂ ನೋಡಿದರು. "ಅಳತೆ ಸರಿಯಾಗಿದೆ" ಎಂದರು. ಏರ್‌ಬ್ರಷ್ಷಿನ ಬಣ್ಣವನ್ನು ಕಲಸಿದ ಬಟ್ಟಲಿಗೇ ವಾಪಸ್ಸು ಸುರಿದರು. "ಆಯುಧಪೂಜೆ ದಿವ್ಸ ಬಸ್ಸಿನ ಮೇಲೆ ಧೂಳು ಕೂರೋಕೆ ಕಾರಣ ಏನಿದೆ? ಇರಲಿ ಬಿಡಿ ಹಿಂಗೇ."

ಮಾರನೆಯ ದಿನ ಶೆಡ್ಡಿನಲ್ಲಿ ಹಾರ ತುರಾಯಿ ಎಲ್ಲ ಆದಮೇಲೆ ರುದ್ರಣ್ಣನ ಕೈಗೆ ಬಸ್ಸು ಬಂತು. ಬೀಗರೆಲ್ಲ "ಏನ್ ಚೆಂದ, ಏನ್ ಚೆಂದ" ಎಂದು ಮುತ್ತಿಕೊಂಡರು. ರುದ್ರಣ್ಣ ಮಾತ್ರ ಮುಂದೆ ನೋಡಿದ, ಹಿಂದೆ ನೋಡಿದ, ಕಿಟಕಿಯ ಕೆಳಗೆ ಬೆರಳಾಡಿಸಿದ. ಡಾಕ್ಟರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ಧೂಳೆಲ್ಲಿ ಡಾಕ್ಟ್ರೇ?"

ಮಳೆಗಾಲವೆಲ್ಲ ಧೂಳು ಬೇಡವೆಂದು ಜಗಳವಾಡಿದ ಮನುಷ್ಯ! ಡಾಕ್ಟರು ನಡೆದದ್ದನ್ನು ಹೇಳಿ, ಹಬ್ಬ ಕಳೆದಮೇಲೆ ತಂದುಕೊಡಿ, ಮತ್ತೆ ಹಾಕಿಕೊಡುತ್ತೇನೆ ಎಂದರು. ರುದ್ರಣ್ಣ ಯೋಚಿಸಿದ.

"ಬ್ಯಾಡ ಬುಡಿ. ನಮ್ಮನೆ ಕಿಟಕೀಲಿ ಇಟ್ಕೊತೀನಿ. ರಸ್ತೆ ಪಕ್ಕಾನೇ ಅಲ್ವಾ? ಅದೇ ಕೂತ್ಕೊಳ್ತದೆ."

"ಅಯ್ಯೋ, ಹಂಗೆ ಕೂತ ಧೂಳು ಕಂಬಳಿ ಹೊದಿಸಿದ ಹಂಗೆ ಕಾಣುತ್ತೆ ರುದ್ರಣ್ಣ! ಗಾಜಿನ ಪೆಟ್ಟಿಗೆ ಕೊಡ್ತೀನಿ."

"ನನ್ ಬಸ್ಸು ಯಾವತ್ತು ಪೆಟ್ಟಿಗೇಲಿ ನಿಂತಿತ್ತು?" ಎಂದ ರುದ್ರಣ್ಣ.

ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡುವ ನೆಪದಲ್ಲಿ ಡಾಕ್ಟರು, ನಾನು ಅವನ ಮನೆಗೆ ಹೋಗಿದ್ದೆವು. ಕಿಟಕಿಯಲ್ಲಿ ಬಸ್ಸು. ಅದರ ಮೇಲೆ ರಸ್ತೆಯ ಧೂಳು. ಮನೆಯವರು ಯಾರೂ ಒರೆಸಕೂಡದು ಎಂದು ರುದ್ರಣ್ಣನ ಕಟ್ಟಪ್ಪಣೆಯಂತೆ. ನಾನು ಹೆಗಲ ಮೇಲಿನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಕೈ ತಡೆಯದೆ ಒರೆಸಿಬಿಟ್ಟೇನು ಎಂದು. ಡಾಕ್ಟರು ಜೇಬಿನಿಂದ ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದರು, ಇನ್ನೊಂದು ಕೈ ಬೆನ್ನ ಹಿಂದೆ ಹೋಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ, "ಅಳತೆ ಪೂರ್ತಿ ತಪ್ಪಾಗಿದೆ ಮೇಡಂ" ಎಂದರು. ಟಿಕೆಟ್ ತೆಗೆದುಕೊಂಡು ಜೇಬಿಗಿಟ್ಟ ಮೇಲೆ, "ನಾನು ಹಾಕಿದ್ದಕ್ಕಿಂತ ಚೆನ್ನಾಗಿದೆ" ಎಂದರು. ನಾನು ಅವರ ಜೊತೆ ಮಾಡಿದ ಕೊನೆಯ ಪ್ರಯಾಣ ಅದು.

ಮೊನ್ನೆ ಆಯುಧಪೂಜೆ. ಡಾಕ್ಟರ ಹೆಂಡತಿ ಕ್ಲಿನಿಕ್ಕಿನ ಬಾಗಿಲು ತೆಗೆಸಿ, "ಕುರ್ಚಿಗಾದರೂ ಒಂದು ಹೂವಿಡೋಣ ಬನ್ನಿ" ಎಂದು ಕರೆದಿದ್ದರು. ಗಂಗಮ್ಮ ಇಕ್ಕಳಗಳನ್ನು ತೊಳೆದು ಸಾಲಾಗಿ ಇಡುತ್ತಿದ್ದಳು. ಕಂಪ್ರೆಸರಿಗೆ ಕುಂಕುಮ ಇಟ್ಟಳು. ಮೊಳೆಗೆ ನೇತುಹಾಕಿದ್ದ ಏರ್‌ಬ್ರಷ್ಷಿಗೂ ಇಟ್ಟಳು. ಅಷ್ಟರಲ್ಲಿ ಒಂಬತ್ತು ಗಂಟೆ ಬಸ್ಸಿನಿಂದ ಇಳಿದು ರುದ್ರಣ್ಣ ಬಂದ, ಎದೆಗವುಚಿಕೊಂಡ ಟವಲಿನಲ್ಲಿ ತನ್ನ ಬಸ್ಸನ್ನು ಸುತ್ತಿಕೊಂಡು.

ಒಂದು ವರ್ಷದ ಧೂಳು. ಬಸ್ಸು ಯಾವ ಬಣ್ಣದ್ದೆಂದೇ ಗೊತ್ತಾಗುತ್ತಿರಲಿಲ್ಲ. ರುದ್ರಣ್ಣ ಅದನ್ನು ಮಣೆಯ ಮೇಲಿಟ್ಟು, ಹಿಂಭಾಗವನ್ನು ಗಂಗಮ್ಮನ ಕಡೆ ತಿರುಗಿಸಿದ. ಹಿಂದಿನ ಗಾಜಿನ ಧೂಳಿನಲ್ಲಿ ಪಿನ್ನಿನಿಂದ ಗೀರಿದ ಎರಡು ಸೊಟ್ಟ ಅಕ್ಷರ.

ಗಂಗಮ್ಮ ಬಗ್ಗಿ ನೋಡಿದಳು. "ಇದು ಡಾಕ್ಟ್ರ ಅಕ್ಷರ ಅಲ್ಲ" ಎಂದಳು.

"ನಂದೇ ಕಣಮ್ಮ" ಎಂದ ರುದ್ರಣ್ಣ. "ಅವ್ರಷ್ಟು ಸಣ್ಣಕ್ಕೆ ಬರೆಯೋಕೆ ನನ್ನ ಕೈಲಿ ಆಗ್ಲಿಲ್ಲ."

ಧೂಳು ಕಂಡರೆ ಬಟ್ಟೆ ಹುಡುಕುವ ನಾನು, "ಈ ಸಲ ಬೇಡ ಗಂಗಮ್ಮ, ಹಂಗೇ ಇರ್ಲಿ ಬಿಡು" ಎಂದುಬಿಟ್ಟೆ. ಗಂಗಮ್ಮ ನನ್ನ ಮುಖ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಕೈಗೆ ತೆಗೆದುಕೊಂಡಳು.

"ಅದೆಂಗಾಯ್ತದಕ್ಕಾ? ಬರ್ದ ಮೇಲೆ ತೊಳೀಬೇಕು. ನೀರು ತತ್ತಾ."

ನಾನು ನೀರು ತರಲು ಎದ್ದೆ.